ಎರಡನೇ ನೂರ ಅರವತ್ತಮೂರು

ಮೂರನೇ ಗೇರು ದಾಟಿದವಳಲ್ಲ ಟೈಲರಮ್ಮ. ನಾಲ್ಕನೆಯದು ಅಂತ ಒಂದಿದೆ ಎಂದು ಗೊತ್ತು, ಐದನೆಯದೂ ಇದೆಯೆಂದು ಗಂಡ ಹೇಳಿದ್ದ. ಇದ್ದರೆ ಇರಲಿ, ಅದರ ಪಾಡಿಗೆ ಅದು. ಬೆಟ್ಟದ ದಾರಿಯಲ್ಲಿ ಹಿಂದಿನಿಂದ ಬಂದ ಲಾರಿಯವರು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾಗಿ, ಕೊನೆಗೆ ಪಕ್ಕದಲ್ಲಿ ನುಗ್ಗಿ, ಎರಡು ಮಾತು ಬೈಯೋಣವೆಂದು ಕತ್ತು ಹೊರಗೆ ಹಾಕುತ್ತಿದ್ದರು. ಹೆಲ್ಮೆಟ್ಟಿನ ಕೆಳಗೆ ನರೆತ ಜಡೆ ನೇತಾಡುವುದನ್ನು ಕಂಡು ಬೈಗುಳವನ್ನು ಅರ್ಧಕ್ಕೇ ನುಂಗಿಕೊಳ್ಳುತ್ತಿದ್ದರು. "ಹೋಗಪ್ಪಾ ಹೋಗು, ಅವಸರ ನಿನಗೆ, ನನಗಲ್ಲ," ಎಂದು ಅವಳು ಹೆಲ್ಮೆಟ್ಟಿನೊಳಗೇ ಉತ್ತರ ಕೊಡುತ್ತಿದ್ದಳು.

ಹಿಂದಿನ ಸೀಟಿನಲ್ಲಿ ಗಂಡ. ಮೂವತ್ತು ವರ್ಷ ಮುಂದೆ ಕೂತು ಓಡಿಸಿದವನು ಈಗ ಹಿಂದೆ ಕೂತು ಹೆಂಡತಿಯ ಎರಡೂ ಹೆಗಲು ಹಿಡಿದುಕೊಂಡಿದ್ದ. "ಇಂಜಿನ್ ಬೈತಿದೆ" ಅಂದರೆ ಗೇರು ಇಳಿಸಬೇಕು ಅಂತ ಅರ್ಥ. "ಹ್ಞೂಂ" ಅಂದರೆ ಎಲ್ಲ ಸರಿಯಿದೆ ಅಂತ. ಅಷ್ಟಕ್ಕೇ ಅವನ ಮಾತಿನ ಚೀಲ ಖಾಲಿ.

ಅವನು ಮೊದಲಿನಿಂದಲೂ ಹಾಗೇ. ರಸ್ತೆ ಇಲಾಖೆಯಲ್ಲಿ ಪೇಂಟರ್ ಆಗಿದ್ದವನು. ಮೈಲಿಗಲ್ಲಿನ ಮೇಲೆ ಅಂಕಿ ಬರೆಯುವುದೇ ಕೆಲಸ. ಕಲ್ಲಿಗೆ ಬಿಳಿ ಬಳಿ, ಒಣಗುವ ತನಕ ಕಾಯಿ, ಕರಿ ಬಣ್ಣದಲ್ಲಿ ಅಂಕಿ ಬರೆ, ಮುಂದಿನ ಕಲ್ಲಿಗೆ ನಡೆ. ಕಿಲೋಮೀಟರು ಬಂದು ಎಷ್ಟು ಕಾಲವಾದರೂ ಜನ ಮೈಲಿಗಲ್ಲು ಅಂತಲೇ ಅನ್ನುತ್ತಾರೆ, ಅದನ್ನು ತಿದ್ದುವ ಗೋಜಿಗೂ ಅವನು ಹೋದವನಲ್ಲ. ಟೈಲರಮ್ಮನ ಹೊಲಿಗೆ ಅಂಗಡಿಯ ಹೆಂಗಸರು ಅವನಿಗಿಟ್ಟ ಹೆಸರೂ ಅದೇ. "ಅಕ್ಕಾ, ನಿಮ್ಮ ಮೈಲಿಗಲ್ಲು ಬಂದು ಬಾಗಿಲಲ್ಲಿ ನಿಂತಿದೆ," ಎನ್ನುವರು. ಅವಳೂ ನಗುವಳು. ನಗದೆ ಏನು ಮಾಡುವುದು? ಮಾತಾಡುವ ಗಂಡಂದಿರನ್ನು ಕಟ್ಟಿಕೊಂಡವರು ಅವರ ಬಾಯಿಗೆ ಹೆದರಿ ಅಂಗಡಿಯಲ್ಲಿ ಕೂತಿರುತ್ತಿದ್ದರು. ಇವಳು ಮನೆಯ ಮೌನಕ್ಕೆ ಹೆದರಿ ಕೂತಿರುತ್ತಿದ್ದಳು.

ಅಂಥವನ ಕಣ್ಣು ಕೆಟ್ಟಿತು. ಸಾವಿರಾರು ಕಲ್ಲಿನ ಮೇಲೆ ಒಂದು ಗೆರೆ ಆಚೆಯಿಲ್ಲ ಈಚೆಯಿಲ್ಲ ಎನ್ನುವಂತೆ ಬರೆದವನಿಗೆ, ನಿವೃತ್ತಿಯಾದ ಎರಡನೇ ವರ್ಷಕ್ಕೆ ಗೋಡೆಯ ಗಡಿಯಾರದ ಮುಳ್ಳು ಕಾಣದಾಯಿತು. ಕಣ್ಣಿನ ಡಾಕ್ಟರಮ್ಮ ಒಂದು ಬಿಳಿ ಹಾಳೆಯ ನಡುವೆ ಹೆಬ್ಬೆರಳು ಇಟ್ಟು ತೋರಿಸಿದಳು. "ನೋಟದ ನಡು ಹೋಗಿದೆ, ಅಂಚು ಉಳಿದಿದೆ. ನೇರ ನೋಡಿದ್ದು ಕಾಣಲ್ಲ. ಮುಖ ಒಂಚೂರು ಆಚೆ ತಿರುಗಿಸಿದ್ರೆ ಪಕ್ಕದ್ದು ಕಾಣುತ್ತೆ. ಅದೂ ವರ್ಷವೊಪ್ಪತ್ತು ಇರಬಹುದು, ಆಮೇಲೆ ಹೇಳೋಕಾಗಲ್ಲ."

ಅಂದಿನಿಂದ ಅವನಿಗೆ ಒಂದು ಹೊಸ ಅಭ್ಯಾಸ. ಯಾರ ಮುಖ ನೋಡಬೇಕೋ ಅವರನ್ನು ಬಿಟ್ಟು ಪಕ್ಕದ ಕಿಟಕಿಯನ್ನೋ ಬೀರುವನ್ನೋ ನೋಡುವುದು. ಮನೆಗೆ ಬಂದವರು, ಇದೇನು ಈ ಮನುಷ್ಯ ಮುಖ ಕೊಟ್ಟೂ ಮಾತಾಡಲ್ಲವಲ್ಲ ಎಂದು ನೊಂದುಕೊಂಡು ಹೋಗುತ್ತಿದ್ದರು. ಟೈಲರಮ್ಮನಿಗೆ ಕಾರಣ ಗೊತ್ತು. ಗೊತ್ತಿದ್ದೂ, ಊಟಕ್ಕೆ ಬಡಿಸುವಾಗ ಅವನು ಅತ್ತ ತಿರುಗಿ ಕೂತರೆ ಸೌಟನ್ನು ಪಾತ್ರೆಗೆ ಕುಕ್ಕುತ್ತಿದ್ದಳು. ಅದಕ್ಕೂ ಒಂದು ಹಳೆಯ ಕಾರಣವಿತ್ತು.

ಲೈಸೆನ್ಸ್ ಮುಗಿದ ದಿನ ಅವನು ಮೋಟಾರ್ ಸೈಕಲ್ಲಿನ ಕೀಲಿಯನ್ನು ಅವಳ ಹೊಲಿಗೆ ಮೆಷಿನ್ನಿನ ಮೇಲಿಟ್ಟು ಸುಮ್ಮನೆ ಹೋದ. ಮಾರಿಬಿಡು ಅಂತಲೋ ಏನೋ. ಅವಳಿಗೆ ಐವತ್ತೈದು. ಮಂಡಿ ಸ್ವಲ್ಪ ನೋವು, ಸಿಟ್ಟು ಮಾತ್ರ ಗಟ್ಟಿಮುಟ್ಟು. ಗೋಡೌನಿನ ಹಿಂದಿನ ಬಯಲಿನಲ್ಲಿ ಮೂರು ತಿಂಗಳು ಬಿದ್ದೂ ಎದ್ದೂ ಕಲಿತಳು. ಅವನು ಬೇಲಿಗೆ ಒರಗಿ ನಿಂತು, ಕಣ್ಣು ಕಾಣದಿದ್ದರೂ ಇಂಜಿನ್ನಿನ ಸದ್ದು ಕೇಳಿ ಪಾಠ ಹೇಳಿದ. "ಗೇರು ಒದೀಬೇಡ. ಅದೇನು ನಿನ್ನ ಮೆಷಿನ್ ಪೆಡಲ್ಲಾ?" ಎಂದು ಒಮ್ಮೆ ಗದರಿದಾಗ ಅವಳಿಗೆ ಸಿಟ್ಟಿಗಿಂತ ಖುಷಿಯೇ ಹೆಚ್ಚಾಗಿತ್ತು. ಇಷ್ಟುದ್ದದ ವಾಕ್ಯ ಅವನ ಬಾಯಿಂದ ಬಂದು ಎಷ್ಟು ಕಾಲವಾಗಿತ್ತೋ.

ಅವಳು ಲೈಸೆನ್ಸ್ ತಂದ ಸಂಜೆ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಬೆಟ್ಟದ ದಾರೀಲಿ ಒಂದು ಕಲ್ಲಿದೆ. ಕಣ್ಣು ಪೂರ್ತಿ ಹೋಗೋದ್ರೊಳಗೆ ನಿನಗೆ ತೋರಿಸ್ಬೇಕು."

"ಯಾವ ಕಲ್ಲು?"

"ಬಾ, ತೋರಿಸ್ತೀನಿ."

"ಕಲ್ಲಲ್ಲಿ ಏನಿದೆ ಅಂತ ಹೇಳಿದ್ರೆ ನಾಲಿಗೆ ಸವೆದು ಹೋಗುತ್ತಾ?"

"ನೋಡಿದ್ರೇ ಗೊತ್ತಾಗೋದು."

"ಬಸ್ಸಿದೆಯಲ್ಲ, ಅರ್ಧ ದಿನದಲ್ಲಿ ಹೋಗಿ ಬರಬಹುದು."

"ಬಸ್ಸು ಬೇಡ," ಎಂದ ಅವನು, ಎಂದೂ ಇಲ್ಲದ ಹಟದಲ್ಲಿ.

ಬೇರೆ ಊರಿನಲ್ಲಿದ್ದ ಮಗಳು ಫೋನಿನಲ್ಲಿ ಕೂಗಾಡಿದಳು. "ಅಮ್ಮಾ, ಅಪ್ಪನಿಗೆ ಕಣ್ಣು ಕಾಣಲ್ಲ, ನಿನಗೆ ನಾಲ್ಕನೇ ಗೇರು ಬರಲ್ಲ. ಇಬ್ಬರಿಗೂ ತಲೆ ಕೆಟ್ಟಿದೆಯಾ?" ಟೈಲರಮ್ಮ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು, ಕೂಗಾಟ ಮುಗಿದ ಮೇಲೆ, "ಆಯ್ತಮ್ಮ, ಸ್ವೆಟರ್ ಇಟ್ಕೊಂಡಿದೀವಿ," ಎಂದು ಹೇಳಿ ಇಟ್ಟಳು.

ಅವಳಿಗೆ ಹೋಗಬೇಕಾಗಿತ್ತು. ಕಲ್ಲಿಗಾಗಿ ಅಲ್ಲ. ಆ ದಾರಿಯಲ್ಲಿ ಮೂವತ್ತೊಂದು ವರ್ಷದ ಕೆಳಗೆ ಅವಳದೊಂದು ಪ್ರಶ್ನೆ ಬಿದ್ದುಹೋಗಿತ್ತು.

ಆಗ ಮದುವೆಯಾಗಿ ಮೂರು ತಿಂಗಳು. ಮೊದಲ ತಿಂಗಳು ಮುಗಿಯುತ್ತಲೇ ಅವನನ್ನು ಬೆಟ್ಟದ ರಸ್ತೆಗೆ ಹಾಕಿದರು. ಎರಡು ತಿಂಗಳು ಮನೆಯ ಕಡೆ ಬರಲಿಲ್ಲ. ಬಂದ ಎರಡು ಕಾಗದದಲ್ಲಿ ಎಷ್ಟನೇ ಕಲ್ಲು ಮುಟ್ಟಿದ್ದೇನೆ ಅನ್ನುವುದೊಂದೇ ವಿಷಯ. ಇವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಕಾದು ಕಾದು ಸಾಕಾಗಿ ಒಂದು ದಪ್ಪ ಕೋಟು ಹೊಲಿದು, ಅದನ್ನು ಕೊಡುವ ನೆಪದಲ್ಲಿ ಬಸ್ಸು ಹತ್ತಿ ಹೋಗಿಬಿಟ್ಟಳು. ಅಲ್ಲಿ ರಸ್ತೆ ಕೆಲಸದ ಗ್ಯಾಂಗಿನವರ ತಗಡಿನ ಶೆಡ್ಡು, ಒಳಗೆ ಏಳು ಜನ ಗಂಡಸರು. ಇವಳು ಮಲಗಿದ್ದು ರೋಲರ್ ಡ್ರೈವರನ ಹೆಂಡತಿಯ ಜೊತೆ. ಗಂಡ ಹೆಂಡತಿಗೆ ಸಿಕ್ಕಿದ್ದು ಒಂದು ಮಧ್ಯಾಹ್ನ, ಅಷ್ಟೇ. ಆ ಮಧ್ಯಾಹ್ನ ಅವನು ಕಲ್ಲಿಗೆ ಬಣ್ಣ ಬರೆದ, ಅವಳು ಪಕ್ಕದಲ್ಲಿ ಡಬ್ಬಿ ಹಿಡಿದು ಕೂತಳು. ಕೊನೆಯ ಅಂಕಿ ಬರೆಯುವಾಗ ಬ್ರಷ್ಷನ್ನು ಅವಳ ಕೈಗೆ ಕೊಟ್ಟ. ಮೂರು. ಹೊಲಿಗೆಯವಳ ಕೈಯಲ್ಲವೇ, ಹೊಲಿಗೆ ಬಿಚ್ಚದಿರಲಿ ಎಂದು ಕೊನೆಯಲ್ಲಿ ಹಿಂದಕ್ಕೆ ಎರಡು ಹೊಲಿಗೆ ಹಾಕುವ ಅಭ್ಯಾಸ. ಮೂರು ಬರೆದು ಮುಗಿಸಿ, ಬಾಲದ ತುದಿಯನ್ನು ಹಿಂದಕ್ಕೆ ಎರಡು ಸಲ ಎಳೆದುಬಿಟ್ಟಳು. "ಇದೇನಿದು?" ಎಂದ. "ಗಂಟು ಹಾಕ್ದೆ. ಇಲ್ದಿದ್ರೆ ಬಿಚ್ಚಿ ಹೋಗುತ್ತೆ," ಎಂದಳು. ಅವನು ನಕ್ಕ. ಅವನು ಹಾಗೆ ಬಾಯಿ ತುಂಬ ನಕ್ಕದ್ದನ್ನು ಅವಳು ನೋಡಿದ್ದು ಎಣಿಸಿ ಹೇಳುವಷ್ಟು ಸಲ.

ಮರುದಿನ ಬೆಳಗ್ಗೆ ಕೆಳಗಿಳಿಯುವ ಬಸ್ಸು. ಮುಂದಿನ ಕಲ್ಲಿನ ಹತ್ತಿರ ಅದು ನಿಲ್ಲುತ್ತಿತ್ತು, ಅವನ ಆ ದಿನದ ಕೆಲಸವೂ ಆ ಕಲ್ಲಿನದೇ. ನಡೆದುಕೊಂಡು ಹೋಗಿ ಬಸ್ಸು ಹತ್ತಿಸಿದ. ಇವಳು ಓಡಿ ಹೋಗಿ ಹಿಂದಿನ ಸೀಟು ಹಿಡಿದು, ಬಸ್ಸಿನ ಹಿಂದಿನ ಗಾಜಿಗೆ ಮೂಗು ಒತ್ತಿ ನೋಡಿದಳು. ಬಸ್ಸು ಹೊರಟು ಹತ್ತು ಮಾರು ಹೋಗಿರಲಿಲ್ಲ, ಅವನು ಆಗಲೇ ರಸ್ತೆಗೆ ಬೆನ್ನು ಹಾಕಿ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಕೈಯಲ್ಲಿ ಬ್ರಷ್ಷು. ತಿರುವು ಬರುವ ತನಕ ಅವಳು ನೋಡಿದಳು. ಅವನು ಒಂದು ಸಲ, ಒಂದೇ ಒಂದು ಸಲವೂ ತಲೆ ಎತ್ತಲಿಲ್ಲ.

ಅಷ್ಟೇ ವಿಷಯ. ಹೊರಗಿನವರಿಗೆ ಹೇಳಿದರೆ, ಇಷ್ಟಕ್ಕಾ ಅನ್ನುತ್ತಾರೆ. ಅವನು ಹೊಡೆದವನಲ್ಲ, ಬೈದವನಲ್ಲ, ಮನೆಗೆ ಬೇಕಾದ್ದಕ್ಕೆ ಕೊರತೆ ಮಾಡಿದವನಲ್ಲ. ಆದರೆ ಟೈಲರಮ್ಮನಿಗೆ ಮೂವತ್ತೊಂದು ವರ್ಷವೂ ಆ ಬೆನ್ನೇ ಕಾಣುತ್ತಿತ್ತು. ಮೋಟಾರ್ ಸೈಕಲ್ಲಿನಲ್ಲಿ ಹಿಂದೆ ಕೂತಾಗಲೂ ಅದೇ ಬೆನ್ನು. ನಾನು ಹೋದಾಗ ಇವನಿಗೆ ಏನಾದರೂ ಆಯಿತೇ? ಇಲ್ಲವೇ? ಕೇಳಿದರೆ "ಹ್ಞೂಂ" ಎನ್ನುತ್ತಾನೆ, ಆ ಹ್ಞೂಂನಿಂದ ಏನು ಸಿಗಬೇಕು! ಈಗ ಕಣ್ಣೂ ಹೋಗುತ್ತಿದೆ. ಇನ್ನು ಇವನು ನನ್ನನ್ನು ಬಯಸಿ ನೋಡುವುದನ್ನು ಈ ಜನ್ಮದಲ್ಲಿ ನಾನು ಕಾಣಲಾರೆ ಎಂಬ ಸಂಕಟ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಇರಲಿ. ಹೊರಟರು.

ಮೊದಲ ದಿನ ಬೆಟ್ಟದ ಬುಡದ ಪಟ್ಟಣಕ್ಕೆ ಬಂದು, ಅಲ್ಲಿನ ಸೊನ್ನೆ ಕಲ್ಲಿನಿಂದ ಮೇಲೆ ಹತ್ತಿದರು. ನಲವತ್ತಾರನೇ ಕಲ್ಲಿನ ತನಕ ಹೋದರು. ಎರಡನೇ ದಿನ ತೊಂಬತ್ತು. ಮೂರನೇ ದಿನ ನೂರಾ ಮೂವತ್ತು. ಇಷ್ಟು ನಿಧಾನವಾಗಿ ಯಾರಾದರೂ ಹೋಗುತ್ತಾರೆಯೇ ಅಂದರೆ, ಇವರು ಹೋದರು. ಬಿಸಿಲು ಚೆನ್ನಾಗಿದ್ದ ಕಡೆ ನಿಂತರು. ನೀರು ಹರಿಯುವ ಕಡೆ ಕಾಲು ಇಳಿಬಿಟ್ಟು ಕೂತರು. ಒಂದು ಕಡೆ ಕುರಿಮಂದೆ ರಸ್ತೆ ದಾಟುವ ತನಕ ಇಂಜಿನ್ ನಿಲ್ಲಿಸಿ, ಮಂದೆ ದಾಟಿ ಹೋಗಿ ಅರ್ಧ ಗಂಟೆಯಾದರೂ ಅಲ್ಲೇ ಇದ್ದರು. ಏರು ಜಾಸ್ತಿಯಾದಂತೆ ಗಾಳಿಗೆ ಪೈನ್ ಮರದ ಅಂಟಿನ ವಾಸನೆ ಬಂತು, ಕೆಳಗಿನ ನದಿ ದಾರದಷ್ಟು ಸಣ್ಣಗಾಯಿತು. ಹೆದರಿಕೆಯಾಗುವ ತಿರುವುಗಳಲ್ಲಿ ಟೈಲರಮ್ಮ ಹಲ್ಲು ಕಚ್ಚಿ, ಕಾಲರ್ ಹೊಲಿಯುವಾಗ ಬಟ್ಟೆಯನ್ನು ಮೆಲ್ಲಗೆ ತಿರುಗಿಸುವ ಹಾಗೆ ಹ್ಯಾಂಡಲ್ ತಿರುಗಿಸುತ್ತಿದ್ದಳು.

ದಾರಿಯುದ್ದಕ್ಕೂ ಒಂದು ಆಟ. ಕಲ್ಲು ಬಂದಾಗ ಅವಳು ಅಂಕಿ ಓದಿ ಕೂಗಬೇಕು, ಅವನು ಆ ಕಲ್ಲಿನ ಸಮಾಚಾರ ಹೇಳಬೇಕು.

"ಐವತ್ತೆಂಟು!"

"ಜೇನು ಕಚ್ಚಿತ್ತು."

"ಎಪ್ಪತ್ತೊಂದು!"

"ಬಿಳಿ ಬಣ್ಣ ಖಾಲಿ. ಎರಡು ದಿನ ಸುಮ್ನೆ ಕೂತಿದ್ದೆ."

"ನೂರಾ ನಾಲ್ಕು!"

"ಅದನ್ನ ಬರೆದ ದಿನ ಬೆಟ್ಟ ಕುಸಿದಿತ್ತು. ಕಲ್ಲು ಹುಡುಕೋಕೇ ಮಧ್ಯಾಹ್ನ ಆಯ್ತು."

ಅಬ್ಬಬ್ಬಾ! ಇದನ್ನೆಲ್ಲ ಎಲ್ಲಿ ಅಡಗಿಸಿಟ್ಟಿದ್ದನೋ ಪುಣ್ಯಾತ್ಮ. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಗಿದ್ದರೂ ಬಾಯಿ ಬಿಡದವನು ಕಲ್ಲು ಕಲ್ಲಿಗೂ ಒಂದೊಂದು ಕಥೆ ಇಟ್ಟುಕೊಂಡಿದ್ದ. ಅವಳಿಗೆ ನಗು ಬಂತು, ಹಿಂದೆಯೇ ಹೊಟ್ಟೆಕಿಚ್ಚೂ ಬಂತು. ಜೇನು ನೆನಪಿದೆ, ಬಣ್ಣ ಖಾಲಿಯಾದದ್ದು ನೆನಪಿದೆ. ನಾನು ಬಂದದ್ದು ನೆನಪಿದೆಯೋ ಇಲ್ಲವೋ ಎಂದು ಗೇರಿನ ಮೇಲೆ ಸಿಟ್ಟು ತೀರಿಸಿದಳು. "ಇಂಜಿನ್ ಬೈತಿದೆ," ಎಂದ ಅವನು.

"ಬೈಲಿ ಬಿಡಿ," ಎಂದಳು.

ಮೂರನೇ ದಿನ ಸಂಜೆ ಉಳಿದ ಲಾಡ್ಜಿನ ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಕಾಲು ಮುರಿದ ಮೇಜು. ಮೇಜಿನ ಕಾಲಿಗೆ ಯಾರೋ ಇಟ್ಟಿಗೆ ಇಟ್ಟಿದ್ದರು. ಒದ್ದೆಯಾದ ಕಾಲುಚೀಲ ಬದಲಿಸೋಣವೆಂದು ಅವಳು ಗಾಡಿಯ ಪಕ್ಕಕ್ಕೆ ನೇತುಹಾಕುವ ಚೀಲ ಬಿಚ್ಚಿದಾಗ, ತಳದಲ್ಲಿ ಹಳೆ ಟವೆಲ್ಲಿನಲ್ಲಿ ಸುತ್ತಿದ ಒಂದು ಪುಟ್ಟ ಡಬ್ಬಿ ಸಿಕ್ಕಿತು. ಕರಿ ಬಣ್ಣ. ಜೊತೆಗೆ ಅವನ ಸಣ್ಣ ಬ್ರಷ್ಷು, ಕೂದಲು ಒಂದೂ ಕೆದರದ ಹಾಗೆ ಕಾಗದ ಕಟ್ಟಿ ಇಟ್ಟದ್ದು.

"ಇದ್ಯಾಕ್ರೀ? ಕಣ್ಣೇ ಕಾಣಲ್ಲ, ಬರೆಯೋರು ಯಾರು?"

"ಇರ್ಲಿ ಬಿಡು." ಅವನು ಕಿಟಕಿಯ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದ.

"ನಾನು ಇಲ್ಲಿದೀನಿ, ಕಿಟಕೀಲಿ ಅಲ್ಲ," ಎಂದಳು. ಬೇಡವೆಂದರೂ ಬಾಯಿಂದ ಬಂದೇ ಬಿಟ್ಟಿತು.

"ಗೊತ್ತು," ಎಂದ ಅವನು. ಮುಖ ಮಾತ್ರ ಕಿಟಕಿಯಿಂದ ಈಚೆ ತಿರುಗಲಿಲ್ಲ.

ನಾಲ್ಕನೇ ದಿನ ಅವನ ಕೈ ಅವಳ ಹೆಗಲ ಮೇಲೆ ಬಿಗಿಯಾಗುತ್ತ ಬಂತು. ನೂರೈವತ್ತು ದಾಟಿದ ಮೇಲೆ ಕಲ್ಲಿನ ಕಥೆಗಳೂ ನಿಂತವು. ಅವಳು ಅಂಕಿ ಕೂಗಿದಳು, ಅವನು ಬರೀ ಹ್ಞೂಂ ಎಂದ. ನೂರ ಅರವತ್ತೊಂದು. ಹ್ಞೂಂ. ನೂರ ಅರವತ್ತೆರಡು. ಹ್ಞೂಂ.

"ನೂರ ಅರವತ್ತಮೂರು!"

"ನಿಲ್ಸು."

ನಿಲ್ಲಿಸಿದಳು. ಅವನು ಇಳಿದು, ತಡವರಿಸಿಕೊಂಡು ಹೋಗಿ ಕಲ್ಲಿನ ನೆತ್ತಿ ಮುಟ್ಟಿದ. "ಮೂರಕ್ಕೆ ಬಾಲ ಇದೆಯಾ ನೋಡು. ಹಿಂದಕ್ಕೆ ಎಳೆದದ್ದು."

"ಇದೇನಾ ನಾನು ಬರೆದ ಕಲ್ಲು? ಅಯ್ಯೋ, ಅಂಕಿ ನನಗೆ ನೆನಪೇ ಇರ್ಲಿಲ್ಲ." ಬಗ್ಗಿ ನೋಡಿದಳು. ಹೊಸ ಬಣ್ಣ. ತಗಡಿನ ಅಚ್ಚು ಇಟ್ಟು ಸ್ಪ್ರೇ ಹೊಡೆದ ಅಂಕಿಗಳು, ಮಿಲಿಟರಿಯವರ ಹಾಗೆ ನೆಟ್ಟಗೆ ನಿಂತಿದ್ದವು. "ಇಲ್ಲಾರೀ. ಎಲ್ಲ ಅಳಿಸಿ ಅಚ್ಚು ಹೊಡೆದಿದಾರೆ."

"ಹೋಗ್ಲಿ," ಎಂದ. "ತೋರಿಸ್ಬೇಕಾದ್ದು ಇದಲ್ಲ. ಮುಂದಿನದು."

ಮುಂದೆ ಹೊರಟ ಮೇಲೆ ರಸ್ತೆ ಅಗಲವಾಯಿತು, ನುಣ್ಣಗಾಯಿತು, ಎದುರಿಗೆ ಬೆಟ್ಟದ ಹೊಟ್ಟೆ ಕೊರೆದ ಬಾಯಿ ಕಂಡಿತು. ಒಳಗೆ ಹಳದಿ ದೀಪಗಳು. ಇಂಜಿನ್ನಿನ ಸದ್ದು ನಾಲ್ಕೂ ಕಡೆಯಿಂದ ಗುಯ್ಯೆಂದಿತು.

"ಏನಿದು?" ಎಂದು ಅವನು ಕಿವಿಯ ಹತ್ತಿರ ಕೂಗಿದ. "ಸುರಂಗಾನಾ? ಇಲ್ಲಿ ಸುರಂಗ ಎಲ್ಲಿತ್ತು?"

ಸುರಂಗ ದಾಟಿ ಹೊರಗೆ ಬಂದಾಗ ಕಲ್ಲೇ ಇಲ್ಲ. ಎರಡು ಕಂಬದ ಮೇಲೆ ಒಂದು ಹಸಿರು ತಗಡಿನ ಬೋರ್ಡು. ಅವಳು ಓದಿದಳು. "ನೂರ ಅರವತ್ತನಾಲ್ಕು."

"ಸರಿಯಾಗಿ ನೋಡು."

"ಇಷ್ಟು ದಪ್ಪ ಬರೆದಿದಾರೆ, ಸರಿಯಾಗಿ ನೋಡೋದೇನು ಬಂತು? ನೂರ ಅರವತ್ತನಾಲ್ಕು."

ಹೆಗಲ ಮೇಲಿದ್ದ ಕೈಗಳು ಸಡಿಲವಾದವು. ಅವಳು ಗಾಡಿ ನಿಲ್ಲಿಸಿ ಹಿಂದಕ್ಕೆ ತಿರುಗಿದಳು. ಅವನ ಮುಖ ಬಿಳಿಚಿಕೊಂಡಿತ್ತು. ಕೆಲಸದಿಂದ ನಿವೃತ್ತನಾದ ದಿನ, ಡಾಕ್ಟರಮ್ಮ ಬಿಳಿ ಹಾಳೆಯ ಮೇಲೆ ಬೆರಳಿಟ್ಟ ದಿನ ಕೂಡ ಅವನು ಹೀಗೆ ಕುಸಿದಿರಲಿಲ್ಲ.

"ಹೋಯ್ತು," ಎಂದ. "ಕಿತ್ತು ಹಾಕಿದಾರೆ. ನಡಿ, ವಾಪಸ್ ಹೋಗೋಣ."

"ವಾಪಸ್ಸಾ? ನಾಲ್ಕು ದಿನದಿಂದ ಸೊಂಟ ಮುರ್ಕೊಂಡು ಗಾಡಿ ಹೊಡೆದಿದೀನಿ! ಏನಿತ್ತು ಕಲ್ಲಲ್ಲಿ? ಬಾಯಿ ಬಿಟ್ಟು ಹೇಳಿ!"

"ನೋಡಿದ್ರೆ ಗೊತ್ತಾಗ್ತಿತ್ತು. ಹೇಳೋಕೆ ನನಗೆ ಬರಲ್ಲ ಕಣೇ."

ಅವನು ಅವಳನ್ನು ಕಣೇ ಎಂದು ಕರೆದದ್ದು ಯಾವ ಕಾಲದಲ್ಲೋ. ಆ ಒಂದು ಮಾತಿಗೆ ಅವಳ ಸಿಟ್ಟು ಜರ್ರನೆ ಇಳಿಯಿತು. ಇವನ ಹತ್ತಿರ ನನಗಾಗಿ ಏನೋ ಇತ್ತು, ಇವನು ಅದನ್ನು ಕೊಡಲೆಂದೇ ಇಷ್ಟು ದೂರ ಬಂದಿದ್ದ, ಈಗ ಅದು ಕೈತಪ್ಪಿತು ಎನ್ನುವುದಷ್ಟೇ ಅವಳಿಗೆ ಅರ್ಥವಾದದ್ದು. ಆ ಏನೋ ಏನೆಂದು ತಿಳಿಯದೆ ಇಲ್ಲಿಂದ ಹಿಂದಿರುಗಿದರೆ ತಾನು ಟೈಲರಮ್ಮನೇ ಅಲ್ಲ ಎಂದುಕೊಂಡಳು.

ಬೋರ್ಡಿನ ಆಚೆ ಒಂದು ಚಹಾದಂಗಡಿ ಇತ್ತು. ಅಂಗಡಿಯ ಅಜ್ಜಿ ಗ್ಲಾಸು ತೊಳೆಯುತ್ತಿದ್ದಳು. ಗಂಡನನ್ನು ಬೆಂಚಿನ ಮೇಲೆ ಕೂರಿಸಿ, ಕೈಗೆ ಬಿಸಿ ಚಹಾ ಕೊಟ್ಟು, ಟೈಲರಮ್ಮ ಅಜ್ಜಿಯನ್ನು ವಿಚಾರಿಸಿದಳು.

"ಸುರಂಗ ಆಗಿ ಹನ್ನೆರಡು ವರ್ಷ ಆಯ್ತಲ್ಲಮ್ಮ," ಎಂದಳು ಅಜ್ಜಿ. "ಹಳೇ ರಸ್ತೆ ಸುರಂಗದ ಆ ಬಾಯಿ ಹತ್ರ ಕವಲೊಡೆದು ಬೆಟ್ಟ ಸುತ್ಕೊಂಡು ಬರುತ್ತೆ. ಬಸ್ಸು ನಿಲ್ತಿದ್ದ ಜಾಗ ಅದೇ. ನನ್ನಂಗಡೀನೂ ಅಲ್ಲೇ ಇತ್ತು. ಈಗ ಯಾರೂ ಹೋಗಲ್ಲ, ಮೇಕೆ ಬಿಟ್ರೆ."

"ಅಲ್ಲಿ ಮೈಲಿಗಲ್ಲು ಇತ್ತಾ?"

"ಕಲ್ಲು ಕಿತ್ತು ಯಾರು ಹೊರ್ತಾರೆ? ಇದ್ರೆ ಅಲ್ಲೇ ಇರುತ್ತೆ."

ಟೈಲರಮ್ಮ ತಿರುಗಿ ನೋಡಿದಳು. ಅವನು ಚಹಾ ಮುಟ್ಟದೆ ಗ್ಲಾಸನ್ನು ಬೆಂಚಿನ ಮೇಲೆ ಇಟ್ಟಿದ್ದ. "ಏಳಿ," ಎಂದಳು.

ಮತ್ತೆ ಸುರಂಗ ದಾಟಿ ಹಿಂದಕ್ಕೆ ಬಂದರೆ, ಹಳೇ ರಸ್ತೆಯ ಬಾಯಿಗೆ ಎರಡು ಡ್ರಮ್ಮು ಅಡ್ಡ ಇಟ್ಟಿದ್ದರು. ನಡುವೆ ಮೋಟಾರ್ ಸೈಕಲ್ ತೂರುವಷ್ಟು ಜಾಗ. ಡಾಂಬರು ಒಡೆದು ಹುಲ್ಲು ಬಂದಿತ್ತು. ಮೊದಲನೇ ಗೇರಿನಲ್ಲಿ, ಎರಡೂ ಕಾಲು ನೆಲಕ್ಕೆ ತಾಗಿಸುತ್ತ, ದೇಕುತ್ತ ಹೋದಳು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ, ಬರೀ ಗಾಳಿ. ಜೀವ ಬಾಯಿಗೆ ಬಂದಿತ್ತು. ಒಂದು ತಿರುವು ದಾಟಿದ ಮೇಲೆ ಅವಳಿಗೆ ಆ ಜಾಗ ಥಟ್ಟನೆ ಗುರುತು ಸಿಕ್ಕಿತು. ಇದೇ ತಿರುವು. ಬಸ್ಸಿನ ಹಿಂದಿನ ಗಾಜಿನಲ್ಲಿ ಅವನ ಬೆನ್ನು ಮರೆಯಾದದ್ದು ಇಲ್ಲೇ.

ಗಾಡಿ ನಿಲ್ಲಿಸಿ, ಅವನ ಕೈಯನ್ನು ತನ್ನ ಹೆಗಲ ಮೇಲಿಟ್ಟುಕೊಂಡು ನಡೆದಳು. ಪೊದೆ ಸರಿಸಿದಳು. ಕಲ್ಲು ಒಂದು ಕಡೆಗೆ ವಾಲಿತ್ತು. ಬಿಳಿ ಬಣ್ಣ ಸುಲಿದು ಹೋಗಿ ಅಲ್ಲಲ್ಲಿ ಪಾಚಿ ಹಿಡಿದಿತ್ತು. ಜಡೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಉಜ್ಜಿದಳು. ಅಂಕಿಗಳು ಮಸುಕಾಗಿ ಬೂದಿ ಬಣ್ಣಕ್ಕೆ ತಿರುಗಿದ್ದರೂ ಇದ್ದವು. ಒಂದು. ಆರು. ಆಮೇಲೆ ಮೂರು. ಮೂರರ ಬಾಲ ಹಿಂದಕ್ಕೆ ಎಳೆದಿತ್ತು, ಒಂದು ಸಲ, ಎರಡು ಸಲ.

"ಬಾಲ ಇದೆ ಕಣ್ರೀ! ಇದೇ ನಾನು ಬರೆದದ್ದು! ನೀವು ಹಿಂದಿನ ಕಲ್ಲು ಅಂದ್ರಲ್ಲ?"

"ಓದು. ಅಂಕಿ ಎಷ್ಟು?"

"ನೂರ ಅರವತ್ತಮೂರು." ಹೇಳುತ್ತಿದ್ದಂತೆಯೇ ಅವಳ ಬಾಯಿ ನಿಂತಿತು. ನೂರ ಅರವತ್ತಮೂರು ಸುರಂಗಕ್ಕೂ ಮೊದಲೇ ಬಂದು ಹೋಯಿತಲ್ಲ. ಇದು ನೂರ ಅರವತ್ತನಾಲ್ಕು ಆಗಿರಬೇಕಲ್ಲ.

"ನೀನು ಬರೆದದ್ದು ಹಿಂದಿನದು, ಅಚ್ಚು ಹೊಡೆದಿದಾರಲ್ಲ, ಅದು," ಎಂದ ಅವನು. "ಇದು ನಾನು ಬರೆದದ್ದು. ನೀನು ಬಸ್ಸು ಹತ್ತಿದ ಮೇಲೆ."

ಅವಳು ಕಲ್ಲಿನ ಮುಂದೆ ಹಾಗೇ ನೆಲಕ್ಕೆ ಕೂತುಬಿಟ್ಟಳು.

"ತಲೆ ಎತ್ತಿದ್ರೆ ಅತ್ತುಬಿಡ್ತಿದ್ದೆ ಕಣೇ. ಗ್ಯಾಂಗಿನವರೆಲ್ಲ ನಿಂತು ನೋಡ್ತಿದ್ರು. ಅದಕ್ಕೇ ಬಗ್ಗಿ ಕೂತೆ. ಏನು ಬರೀತಿದೀನಿ ಅಂತ ನನಗೇ ಗೊತ್ತಿರ್ಲಿಲ್ಲ. ಬಸ್ಸಿನ ಸದ್ದು ಪೂರ್ತಿ ಹೋದ ಮೇಲೆ ನೋಡ್ತೀನಿ, ನಿನ್ನೆದೇ ಅಂಕಿ ಮತ್ತೆ ಬರೆದಿದೀನಿ. ನಿನ್ನ ಬಾಲದ ಸಮೇತ." ಅವನೂ ಅವಳ ಪಕ್ಕ ಕುಕ್ಕರಿಸಿದ. "ಮೂವತ್ತು ವರ್ಷದ ಕೆಲಸದಲ್ಲಿ ನಾನು ಮಾಡಿದ ತಪ್ಪು ಇದೊಂದೇ. ಅಳಿಸೋಕೆ ಮನಸ್ಸಾಗ್ಲಿಲ್ಲ. ಮುಂದಿನ ಕಲ್ಲಿಗೆ ಅರವತ್ತೈದು ಹಾಕಿ ಲೆಕ್ಕ ಸರಿಮಾಡ್ದೆ. ಈ ರಸ್ತೇಲಿ ನೂರ ಅರವತ್ತನಾಲ್ಕು ಅನ್ನೋ ಕಲ್ಲೇ ಇರ್ಲಿಲ್ಲ. ಸೂಪರ್ವೈಸರ್ ಮುಖ ಕೆಂಪಗೆ ಮಾಡ್ಕೊಂಡು ಯಾಕೆ ಅಂದ. ಮಂಜಿತ್ತು ಸರ್ ಅಂದೆ."

"ಮಂಜಿತ್ತಾ?"

"ಎಲ್ಲಿ ಮಂಜು! ಬಿಸಿಲು ಹೊಡೀತಿತ್ತು."

ಅವಳಿಗೆ ನಗು ಬಂತು. ನಗುತ್ತಿದ್ದವಳಿಗೆ ಅಳು ಬಂತು, ಎರಡೂ ಒಟ್ಟಿಗೆ ಬಂದು ಮೂಗು ಸೋರಿತು. ಮೂವತ್ತೊಂದು ವರ್ಷ! ಮೂವತ್ತೊಂದು ವರ್ಷ ಈ ಮನುಷ್ಯನ ಬೆನ್ನನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಉರಿದಿದ್ದಳು, ಆ ಬೆನ್ನಿನ ಆಚೆ ಇದು ನಡೆಯುತ್ತಿತ್ತು. ಎಷ್ಟು ಸಂಜೆಗಳು, ಎಷ್ಟು ಊಟಗಳು, ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಒಬ್ಬರನ್ನೊಬ್ಬರು ಬಯಸಿ ಸುಮ್ಮನಿದ್ದ ದಿನಗಳು. ಅವೆಲ್ಲ ಇನ್ನು ಸಿಗುವುದಿಲ್ಲ ಎಂಬುದೂ ಅವಳಿಗೆ ಅಲ್ಲೇ, ಆ ಹುಲ್ಲಿನ ಮೇಲೆ ಕೂತಾಗಲೇ ಗೊತ್ತಾಯಿತು.

"ಇದನ್ನ ಹೇಳೋಕೆ ಏನಾಗಿತ್ತು ನಿಮಗೆ, ಬಾಯಲ್ಲಿ ಕಡುಬು ಇತ್ತಾ?"

"ಒಂದಿನ ಕರ್ಕೊಂಡು ಬಂದು ತೋರಿಸೋಣ ಅಂತಿದ್ದೆ. ಇವತ್ತು ನಾಳೆ ಅಂತ ಹಾಗೇ ಹೋಯ್ತು. ಆಮೇಲೆ ಕಣ್ಣು ಹೋಯ್ತು." ಅವನು ಕಲ್ಲನ್ನು ತಡವಿದ. "ಮಾಸಿದೆಯಾ?"

"ಮಾಸಿದೆ."

"ಡಬ್ಬಿ ತಗೊಂಡ್ ಬಾ."

ಆಗ ಅವಳಿಗೆ ಆ ಕರಿ ಬಣ್ಣದ ಡಬ್ಬಿ ಯಾಕೆ ಬಂದಿತ್ತೆಂದು ತಿಳಿಯಿತು. ತಂದಳು, ಕಡ್ಡಿಯಿಂದ ಕಲಕಿದಳು. ಯಾರೂ ಬಾರದ ರಸ್ತೆ, ಓದುವವರಿಲ್ಲದ ಕಲ್ಲು. ಮೇಕೆಗಳಿಗೆ ಅಂಕಿ ಬರುವುದಿಲ್ಲ. ಆದರೂ ಅವಳು ಮಂಡಿ ನೋವನ್ನು ಮರೆತು ಕುಕ್ಕರುಗಾಲಲ್ಲಿ ಕೂತು, ಹಳೆಯ ಗೆರೆಯ ಮೇಲೇ ಹೊಸ ಗೆರೆ ಎಳೆಯತೊಡಗಿದಳು. ಅವನು ನಾಲ್ಕು ಹೆಜ್ಜೆ ಆಚೆ ಒಂದು ಬಂಡೆಯ ಮೇಲೆ ಕೂತ.

"ಬ್ರಷ್ಷು ಒತ್ತಬೇಡ. ಬಣ್ಣ ತಾನೇ ಇಳಿಯುತ್ತೆ."

"ಗೊತ್ತು, ಗೊತ್ತು."

"ಬಾಲ ಬಿಡಬೇಡ."

"ಬಾಲ ಬಿಟ್ಟರೆ ಬಿಚ್ಚಿ ಹೋಗುತ್ತೆ," ಎಂದಳು.

ಅವನು ನಕ್ಕ. ಬಾಯಿ ತುಂಬ.

ಒಂದು ಮುಗಿಯಿತು, ಆರು ಮುಗಿಯಿತು. ಮೂರರ ಹೊಟ್ಟೆ ತಿರುಗಿಸಿ ಬಾಲಕ್ಕೆ ಬಂದಾಗ ಅವನ ಸದ್ದೇ ಇಲ್ಲವಲ್ಲ ಎಂದು ಅವಳು ತಲೆ ಎತ್ತಿದಳು. ಅವನು ಮುಖವನ್ನು ಅವಳಿಂದ ಆಚೆ ತಿರುಗಿಸಿ, ಕಣಿವೆಯ ಕಡೆಗೆ ಮಾಡಿ, ಅಲುಗಾಡದೆ ಕೂತಿದ್ದ. ಕಣ್ಣು ರೆಪ್ಪೆ ಹೊಡೆಯುತ್ತಿರಲಿಲ್ಲ.

ಮೊನ್ನೆಯ ತನಕ ಆ ತಿರುಗಿದ ಮುಖ ಅವಳನ್ನು ಚುಚ್ಚುತ್ತಿತ್ತು. ಈಗ ಚುಚ್ಚಲಿಲ್ಲ. ಕೆನ್ನೆಯ ಮೇಲಿನ ಬಣ್ಣವನ್ನು ಮುಂಗೈಯಿಂದ ಒರೆಸಿಕೊಂಡು, ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡಳು, ಮದುವೆಯ ಹೊಸದರಲ್ಲಿ ಮಾಡುತ್ತಿದ್ದ ಹಾಗೆ.

"ಏನ್ರೀ, ನೋಡಿದ್ದು ಸಾಕಾ? ಬಿಸಿಲು ಇಳೀತಿದೆ, ಹೊರಡೋಣ್ವಾ?"

"ತಡಿ," ಎಂದ ಅವನು, ಕಣಿವೆಯ ಕಡೆಗೆ ಮುಖ ಇಟ್ಟುಕೊಂಡೇ. "ಇನ್ನೂ ಸ್ವಲ್ಪ ನೋಡ್ತೀನಿ."